ಒಂದು ಮೈಕಿನ ಪೆಟ್ಟಿಗೆ

ಹೊಸ ಲ್ಯಾಪ್‌ಟಾಪನ್ನು ಶಿವಪ್ರಕಾಶ್ ನಾಲ್ಕೂ ಕಡೆ ತಿರುಗಿಸಿ ನೋಡಿದ. ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಹಳೆಯ ಪೆಟ್ಟಿಗೆಯ, ಅಂದರೆ ಆಡಿಯೋ ಇಂಟರ್‌ಫೇಸಿನ, ವೈರು ಸಿಕ್ಕಿಸೋಣವೆಂದರೆ ಅದಕ್ಕೆ ಹೊಂದುವ ತೂತೇ ಇರಲಿಲ್ಲ.

“ಆ ತರದ್ದು ಬರೋದು ನಿಂತು ಎಷ್ಟು ಕಾಲ ಆಯ್ತಪ್ಪ,” ಎಂದಳು ಮಗಳು ಹರ್ಷಿತಾ, ಫೋನಿನಲ್ಲಿ ಹೊಸ ಪೆಟ್ಟಿಗೆಗಳನ್ನು ತೋರಿಸುತ್ತಾ. “ಒಂದು ಮೈಕಿಂದು ತಗೋ, ಚಿಕ್ಕದಾಗಿ ಚೆನ್ನಾಗಿದೆ. ಎರಡು ಮೈಕಿಂದು ಯಾಕೆ? ಈಗ ಹಾಡೋರು ಅಜ್ಜಿ ಒಬ್ರೇ ಅಲ್ವಾ?”

ಮಾತೇನೋ ಸರಿಯಾಗಿಯೇ ಇತ್ತು. ಆದರೂ ಶಿವಪ್ರಕಾಶನಿಗೆ ಸಂಕಟವಾಯಿತು. ಆ ಹಳೆಯ ಪೆಟ್ಟಿಗೆಯ ಎರಡು ಮೈಕುಗಳ ಮುಂದೆ ಅವನ ತಾಯಿ ಲಿಂಗಮ್ಮ ಮತ್ತು ಪಕ್ಕದ ಮನೆಯ ಚಲುವಮ್ಮ ಕೂತು ಸೋಬಾನೆ ಹಾಡಿದ ಸಂಜೆಗಳು ಎಷ್ಟೋ. ಇಬ್ಬರೂ ಹಾಸನದ ಕಡೆಯಿಂದ ಕುಶಾಲನಗರದ ಈ ಬೀದಿಗೆ ಒಂದೇ ವರ್ಷ ಸೊಸೆಯರಾಗಿ ಬಂದವರು. ಲಿಂಗಮ್ಮ ಒಂದು ಸಾಲು ಹೇಳಬೇಕು, ಚಲುವಮ್ಮ ಅದನ್ನೇ ತಿರುಗಿ ಹೇಳಬೇಕು. ಸೋಬಾನೆಯ ಕ್ರಮವೇ ಹಾಗೆ. ಹೆಡ್‌ಫೋನ್ ಹಾಕಿಕೊಂಡರೆ ಮುಡಿದ ಹೂವು ಬಾಡುತ್ತದೆಂದು ಜಗಳ ತೆಗೆಯುತ್ತಿದ್ದರು. ಎಲೆ ಅಡಿಕೆ ಉಗಿಯಲು ಒಬ್ಬಳು ಎದ್ದರೆ ಇನ್ನೊಬ್ಬಳೂ ಏಳುತ್ತಿದ್ದಳು, ರೆಕಾರ್ಡಿಂಗ್ ಕೆಟ್ಟರೆ ಅವರಿಗೇನು! ಎಂಥ ದಿನಗಳು ಅವು. ಹೋದ ಮಳೆಗಾಲದಲ್ಲಿ ಚಲುವಮ್ಮ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಪಾಲಿಬೆಟ್ಟದ ಎಸ್ಟೇಟಿನಲ್ಲಿ ಅವಳ ಅಳಿಯ ಲೆಕ್ಕ ಬರೆಯುವ ರೈಟರು. ಮಗಳು ಪವಿತ್ರಾ ಅಲ್ಲಿಗೇ ಕರೆದುಕೊಂಡು ಹೋದಳು.

ಕೊನೆಗೆ ಒಂದು ಮೈಕಿನದೇ ಬಂತು. ಲಿಂಗಮ್ಮ ಅದರ ಮುಂದೆ ಸ್ಟೂಲು ಹಾಕಿಕೊಂಡಳು. “ಚಲುವಿ ಹಾಸಿಗೇಲಿ ಬೇಜಾರು ಮಾಡ್ಕಂಡಿರ್ತಾಳೆ, ಅವಳಿಗೊಂದು ಪದ ಕಳ್ಸಾನ,” ಎಂದು ಹಾಡಲು ಕೂತಳು. ಒಂದು ಸಾಲು ಹಾಡಿ ನಿಲ್ಲಿಸಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದಿನ ಸಾಲು. ಮತ್ತೆ ಸುಮ್ಮನೆ. ಪಾಪ, ವಯಸ್ಸಾಯಿತು, ಮರೆವು ಶುರುವಾಗಿದೆ ಅಂದುಕೊಂಡ ಶಿವಪ್ರಕಾಶ್. ಅವಳು ಎದ್ದುಹೋದ ಮೇಲೆ ಕಂಪ್ಯೂಟರಿನಲ್ಲಿ ಆ ಖಾಲಿ ಜಾಗಗಳನ್ನೆಲ್ಲ ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದ. ಹಾಡು ಈಗ ಸರಾಗವಾಯಿತೆಂದು ಹಿಗ್ಗಿ, ಪವಿತ್ರಾಳ ಫೋನಿಗೆ ಕಳಿಸಿದ.

ಸಂಜೆ ಚಲುವಮ್ಮನದೇ ಫೋನು. ಹರ್ಷಿತಾ ಸ್ಪೀಕರಿಗೆ ಹಾಕಿದಳು.

“ಏನೇ ಲಿಂಗಿ, ಇಷ್ಟು ಬೇಗ ನನ್ನ ಕೈಬಿಟ್ಯಾ? ಒಬ್ಳೇ ಗಡಗಡ ಅಂತ ಹಾಡ್ಕಂಡು ಹೋಗಿದೀಯಲ್ಲ! ನಂಗೆ ಮುರಿದಿರೋದು ಸೊಂಟ ಕಣೇ, ಬಾಯಲ್ಲ.”

“ಇಲ್ಲ ಕಣೇ, ಒಂದೊಂದು ಸಾಲಿಗೂ ನಿಂಗೆ ಅಂತ ಕಾದಿದೀನಿ!”

ಲಿಂಗಮ್ಮ ಹೇಳಿ ಮುಗಿಸುವಷ್ಟರಲ್ಲಿ ಆ ಕಡೆ ಫೋನು ಕಟ್ಟಾಗಿತ್ತು. ಅವಳ ಕಣ್ಣು ತುಂಬಿತು. “ನನ್ನ ಪದ ಏನ್ಲಾ ಮಾಡ್ದೆ?” ಎಂದು ಮಗನ ಕಡೆ ತಿರುಗಿದಳು.

ಶಿವಪ್ರಕಾಶನಿಗೆ ಆಗ ಹೊಳೆಯಿತು. ನಾಚಿಕೆಯಿಂದ ಕುಗ್ಗಿಹೋದ. “ತಪ್ಪಾಯ್ತವ್ವ, ಮರೆತು ನಿಲ್ಲಿಸ್ತಿದೀಯ ಅಂದ್ಕಂಡೆ,” ಎಂದ. ಪುಣ್ಯಕ್ಕೆ ಅವಳು ಹಾಡಿದ ಮೂಲ ಹಾಗೇ ಉಳಿದಿತ್ತು. ಕೂದಲೆಳೆಯಷ್ಟೂ ಮುಟ್ಟದೆ ಅದನ್ನೇ ಕಳಿಸಿದ.

ಮಾರನೆಯ ದಿನ ಪಾಲಿಬೆಟ್ಟದಿಂದ ಉತ್ತರ ಬಂತು. ಪವಿತ್ರಾ ತಾಯಿಯ ಪಕ್ಕ ಹಾಡು ಹಾಕಿ, ಗಂಡನ ಫೋನಿನಲ್ಲಿ ರೆಕಾರ್ಡ್ ಮಾಡಿದ್ದಳು. ಲಿಂಗಮ್ಮನ ಸಾಲು, ಅದರ ಬೆನ್ನಿಗೇ ಚಲುವಮ್ಮನ ಸಾಲು, ನಡುವೆ ಕುಕ್ಕರಿನ ಸೀಟಿ. ಹರ್ಷಿತಾ ಚಪ್ಪಾಳೆ ತಟ್ಟಿದಳು. ಶಿವಪ್ರಕಾಶನಿಗೆ ಹಳೆಯ ಸಂಜೆಯೊಂದು ಮನೆಯೊಳಗೆ ಬಂದು ಕೂತ ಹಾಗಾಯಿತು. ಆದರೆ ಕೊನೆಕೊನೆಗೆ ಚಲುವಮ್ಮ ಏದುಸಿರು ಬಿಡುತ್ತಾ ಅರ್ಧ ಸಾಲು ಹೇಳುವಷ್ಟರಲ್ಲಿ ಲಿಂಗಮ್ಮನ ಮುಂದಿನ ಸಾಲು ಬಂದುಬಿಡುತ್ತಿತ್ತು.

ಲಿಂಗಮ್ಮ ಪೂರ್ತಿ ಕೇಳಿದಳು. ಆಮೇಲೆ ಸ್ಟೂಲನ್ನು ಮೈಕಿನ ಹತ್ತಿರಕ್ಕೆ ಎಳೆದುಕೊಂಡಳು.

“ಇನ್ನೊಂದು ಸಲ ಹಾಡ್ತೀನಿ, ಹಾಕು ಮಗ. ಈ ಸಲ ಇನ್ನೂ ಸ್ವಲ್ಪ ಹೊತ್ತು ಕಾಯ್ತೀನಿ. ಚಲುವಿಗೆ ಮುಂಚಿನಷ್ಟು ಉಸಿರಿಲ್ಲ.”