ಪಾತರಗಿತ್ತಿಯ ಚಹಾ

ಅಪ್ಪನಿಗೆ ಪಾರ್ಶ್ವವಾಯು ಹೊಡೆಯುವ ಹಿಂದಿನ ದಿನ ಮಧ್ಯಾಹ್ನ ನಾನೂ ಅವನೂ ಕಾಚಿಗೂಡದ ಬಾಡಿಗೆ ಮನೆಯ ಅಂಗಳದಲ್ಲಿ ಕೂತು ತೆಲುಗರು ನೂರುವರಹಾಲು ಎನ್ನುವ ಕೇಪಳ ಹೂವಿನ ಜೇನು ಹೀರುತ್ತಿದ್ದೆವು. ಕೆಂಪು ಗೊಂಚಲಿನಿಂದ ಒಂದು ಹೂವು ಕಿತ್ತು, ಕೊಳವೆಯ ಬುಡದಿಂದ ನಡುವಿನ ಎಳೆಯನ್ನು ಮೆಲ್ಲಗೆ ಜಗ್ಗಿದರೆ ಸಾಸಿವೆಯಷ್ಟು ಸಿಹಿ ಹನಿ ಬರುತ್ತಿತ್ತು.

“ಗಿಡ ಇದನ್ನ ಯಾಕ ಮಾಡ್ತೈತಿ ಅಪ್ಪಾ?” ಎಂದು ಕೇಳಿದೆ.

“ಗಿಡಕ್ಕೇನು ಕಾಲ ಅದಾವೇನವಾ? ತನ್ನ ಪರಾಗ ಬ್ಯಾರೆ ಹೂವಿಗೆ ಮುಟ್ಟಿಸಾಕ ಪಾತರಗಿತ್ತೀನ ಕರೀತೈತಿ. ಮನಿಗೆ ಬಂದವರಿಗೆ ಚಹಾ ಕೊಡಬೇಕಲ್ಲ, ಇದ ಅದರ ಚಹಾ.”

ಅವ್ವ ಒಳಗಿನಿಂದಲೇ, “ಎಲ್ಲಾ ಚಹಾ ನೀವ ಕುಡದ್ರ ಪಾತರಗಿತ್ತಿ ಉಪವಾಸ ಹೋಗಬೇಕೇನ್ರಿ?” ಎಂದಳು.

ಕೆಲವು ವಾರಗಳ ಮೇಲೆ ಆಸ್ಪತ್ರೆಯಿಂದ ಮನೆಗೆ ಬಂದಾಗ ಅಪ್ಪನಿಗೆ ಮಾತಿರಲಿಲ್ಲ, ಬಲಗೈ ಏಳುತ್ತಿರಲಿಲ್ಲ. ಯಾರನ್ನೂ ಗುರುತಿಸಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಂಗಳದ ಕುರ್ಚಿಯಲ್ಲಿ ನನ್ನನ್ನು ನೋಡಿಯೂ ನೋಡದಂತೆ ಕೂತಿದ್ದ. ಹೆದರುತ್ತಲೇ ಅವನ ಎಡಗೈಯಲ್ಲಿ ಒಂದು ಹೂವು ಇಟ್ಟೆ. ಬಹಳ ಹೊತ್ತು ತಡಕಾಡಿ, ಹೂವನ್ನು ತುಟಿಗಳ ನಡುವೆ ಹಿಡಿದು ಎಳೆಯನ್ನು ಜಗ್ಗಿದ. ಬಂದ ಹನಿಯನ್ನು ತಾನು ನೆಕ್ಕದೆ ನನ್ನ ಬಾಯಿಯ ಹತ್ತಿರ ತಂದ.

ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, “ನಿನ್ನ ಗುರ್ತ ಐತಿ ಅವರಿಗೆ. ಐತಿ, ಐತಿ” ಎಂದಳು. ಅಂದು ಮೂವರೂ ಹೊಟ್ಟೆ ತುಂಬ ಉಂಡೆವು.

ಆಮೇಲೆ ಅಪ್ಪ ಮಾತಿಲ್ಲದೆಯೇ ಬಹಳ ವರ್ಷ ನಮ್ಮ ಜೊತೆಗಿದ್ದು, ಹೋದ ಚಳಿಗಾಲದಲ್ಲಿ ತೀರಿಕೊಂಡ. ಈಗ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನ ಗೇಟಿನ ಬಳಿ ಇದೇ ಹೂವು ಬಿಟ್ಟಿದೆ. ಅವನು ಆಡಿದ ಮಾತುಗಳು ನೆನಪಿವೆ. ಅವನ ದನಿ ಹೇಗಿತ್ತು ಎಂಬುದು ನೆನಪಿಲ್ಲ.