ಚಾಕು ಮುಟ್ಟದ ತುಂಡು

ತನ್ನ ಅಕ್ಕನ ಮನೆಯಲ್ಲಿ, ಅಕ್ಕ ಬಡಿಸಿದ ಚಿಕನ್ ತುಂಡನ್ನು ಗಂಡ ಚಾಕು ಮುಟ್ಟದೆಯೇ ಬಾಯಿಗಿಟ್ಟ. ಪಕ್ಕದಲ್ಲಿದ್ದ ಹೆಂಡತಿಯ ಕೈ ತಟ್ಟೆಯ ಮೇಲೆಯೇ ನಿಂತಿತು.

ತಮ್ಮ ಮನೆಯಲ್ಲಿ ಹೆಂಡತಿ ಏರ್ ಫ್ರೈಯರ್‌ನಲ್ಲಿ ತುಂಡುಗಳನ್ನು ಬಿಡಿಬಿಡಿಯಾಗಿ ಜೋಡಿಸಿ, ನಡುವೆ ಮಗುಚಿ, ಒಳಗೆ ಬೆಂದಿದೆಯೇ ಎಂದು ಥರ್ಮಾಮೀಟರ್ ಚುಚ್ಚಿ ನೋಡಿಯೇ ಬಡಿಸುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಒಳಗೆ ಬೆಂದಿರಲಿಲ್ಲ, ಅಷ್ಟೇ. ಅಂದಿನಿಂದ ಅವಳು ಮಾಡಿದ್ದನ್ನು ಅವನು, ನೆಂಟರೆದುರಿಗೂ, ದಪ್ಪ ಭಾಗವನ್ನು ಸೀಳಿ ಬೆಳಕಿಗೆ ಹಿಡಿದು ನೋಡದೆ ತಿಂದವನಲ್ಲ.

"ಅಕ್ಕನ ಕೈರುಚಿನೇ ಬೇರೆ. ಇವಳಿಗೂ ಸ್ವಲ್ಪ ಹೇಳಿಕೊಡು," ಎಂದ.

"ಅದೇನು ಮಹಾ ವಿದ್ಯೆನಾ? ಮೆಷಿನ್‌ಗೆ ಹಾಕಿ ಮರೆತುಬಿಡೋದು," ಎಂದು ಅಕ್ಕ ನಕ್ಕಳು.

ಹೆಂಡತಿ ತನ್ನ ತುಂಡನ್ನು ಸೀಳಿದಳು. ಒಳಗೆ ಇನ್ನೂ ಹಸಿಹಸಿ, ಗುಲಾಬಿ ಬಣ್ಣ. ಸೀಳನ್ನು ಚಾಕುವಿನಿಂದಲೇ ಮೆಲ್ಲಗೆ ಮುಚ್ಚಿದಳು.

"ಅವರಿಗೆ ಇನ್ನೊಂದು ಹಾಕಿ ಅಕ್ಕಾ," ಎಂದಳು.