ಅಪ್ಪೆಮರದ ಬಂದಳಿಕೆ

ಅಪ್ಪೆಮಿಡಿಯ ಸೊನೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಬೆರಳು ಅಂಟಂಟೆನಿಸುತ್ತದೆ.

ನಯಾಪೈಸೆ ಹೊಸದಾಗಿ ಬಂದಿದ್ದ ವರ್ಷ. ಅವ್ವ ಉಳವಿಯ ತವರಿನಿಂದ ಸಸಿ ತಂದು, ನೀರು ಹೊತ್ತು ಬೆಳೆಸಿದ್ದ ಅಪ್ಪೆಮಾವಿನ ಮರವನ್ನು, ಮನೆ ಪಾಲಾದಾಗ ದೊಡ್ಡಪ್ಪ ತನ್ನ ಪಾಲಿಗೆ ಹಾಕಿಕೊಂಡಿದ್ದ. ಒಂದು ಮಧ್ಯಾಹ್ನ ಅವ್ವ ನನ್ನ ಲಂಗದ ತುದಿಗೆ ಒಂದು ಹಿಡಿ ಬಂದಳಿಕೆ ಹಣ್ಣು ಕಟ್ಟಿ, ಆ ಮರ ಹತ್ತಿಸಿದಳು.

"ಚೀಪಿ ಸಿಪ್ಪೆ ಉಗಿ. ಬೀಜಾನ ಹಕ್ಕಿ ಕುಂಡೆ ಉಜ್ಜೋ ಹಂಗೆ ಕೊಂಬೆಗೆ ಉಜ್ಜು."

ಬೆರಳಿಗೂ ಕೊಂಬೆಗೂ ನಡುವೆ ಅಂಟು ನೂಲೆಳೆಯಿತು. "ಉಜ್ಜಿದ್ರೆ ಏನಾಗ್ತದೆ ಅವ್ವ?"

"ಬೇರು ಮರದೊಳಗೇ ಇಳೀತದೆ. ಮರದ ರಸ ಕುಡಿದೇ ಬೆಳೀತದೆ. ನಂಗೇನೂ ಅವಸರ ಇಲ್ಲ."

ನಾನು ಇಳಿಯುವಷ್ಟರಲ್ಲಿ ದೊಡ್ಡಪ್ಪ ಬಂದ. "ಇಲ್ಲೇನು ಕೆಲಸ?"

ಅವ್ವ ಸೆರಗು ತಲೆಗೆಳೆದುಕೊಂಡಳು. "ಬಂದಳಿಕೆ ಹುಡುಕ್ತಿದ್ವಿ ಭಾವ. ಮಾವಿನ ಬಂದಳಿಕೆ ಇದ್ದೋರ ಮನೇಲಿ ಲಕ್ಷ್ಮಿ ನಿಲ್ತಾಳಂತಲ್ಲ. ಈ ಮರದಾಗೆ ಇನ್ನೂ ಹುಟ್ಟಿಲ್ಲ."

ದೊಡ್ಡಪ್ಪ ಕತ್ತೆತ್ತಿ ನೋಡಿದ. "ಹುಟ್ಟಿದ್ರೆ ಅದು ನಂದು. ಯಾರೂ ಮುಟ್ಟಂಗಿಲ್ಲ."

"ಆಗ್ಲಿ ಭಾವ," ಎಂದಳು ಅವ್ವ.

ನಾವು ಮುಟ್ಟಲಿಲ್ಲ. ಮರ ಪೂರ್ತಿ ಒಣಗುವ ತನಕ ದೊಡ್ಡಪ್ಪನೇ ಶುಕ್ರವಾರ ಶುಕ್ರವಾರ ಆ ಬಂದಳಿಕೆಗೆ ಊದಿನಕಡ್ಡಿ ಬೆಳಗುತ್ತಿದ್ದ.